ಪೀಟ್ರಣ್ಣನ ಹೋಟೆಲಿನ ಉಪ್ಪು

1953ನೇ ಇಸವಿ ನವೆಂಬರ್ 18, ಬುಧವಾರ, ಮಧ್ಯಾಹ್ನ 12 ಗಂಟೆ 40 ನಿಮಿಷ. ಮಡಿಕೇರಿಯ ಇಟಲಿ ಹೋಟೆಲಿನಲ್ಲಿ ನಾನು, ನನ್ನ ಅಣ್ಣ ಕುಟ್ಟಪ್ಪ ಎದುರುಬದುರು ಕೂತೆವು. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನು. ಚೀಲದಲ್ಲಿ ಎರಡು ಗಾಜಿನ ಸೀಸೆಗಳಿದ್ದವು.

ನಮ್ಮನ್ನು ಅಲ್ಲಿಗೆ ಕಳಿಸಿದವಳು ಅವ್ವ. ಅಣ್ಣ ಯುದ್ಧದಲ್ಲಿ ಸತ್ತನೆಂದು ತಪ್ಪು ತಂತಿ ಬಂದಾಗ ಅವಳು ಮೂರು ವರ್ಷ ಅವನಿಗೆ ಎಡೆ ಇಟ್ಟಿದ್ದಳು. ಸತ್ತವರ ಎಡೆಗೆ ನಮ್ಮ ಮನೆಯಲ್ಲಿ ಉಪ್ಪು ಹಾಕುವುದಿಲ್ಲ. ನಲವತ್ತಾರರಲ್ಲಿ ಅಣ್ಣ ಇಟಲಿಯಿಂದ ಜೀವಂತ ಮರಳಿದ. ಅಂದಿನಿಂದ ಯಾರು ಏನು ಬಡಿಸಿದರೂ ಅವನದು ಒಂದೇ ಮಾತು: "ಉಪ್ಪು ಇಲ್ಲೆ." ಎರಡು ತುತ್ತಿಗೇ ಏಳುತ್ತಿದ್ದ. ಏಳು ವರ್ಷದಲ್ಲಿ ಬೆಲ್ಟಿಗೆ ನಾಲ್ಕು ಹೊಸ ತೂತು ಬಿದ್ದಿದ್ದವು.

"ನಮ್ಮವ್ರೆಲ್ಲ ಆ ಎಡೆಗೆ ಕೈಮುಗ್ದವ್ರೇ, ಮಗ," ಎಂದಿದ್ದಳು ಅವ್ವ. "ಅವಂಗೆ ಎಡೆ ಕಾಣದ ಕೈಯಿಂದ ಒಂದು ತುತ್ತು ಉಣ್ಸಿ ನೋಡು. ಅಲ್ಲೂ ಉಪ್ಪು ಹತ್ತದಿದ್ರೆ..."

ಹೋಟೆಲಿನ ಪಿಯೆತ್ರೊ ಯುದ್ಧಕೈದಿಯಾಗಿ ಬೆಂಗಳೂರಿಗೆ ಬಂದು, ಬಿಡುಗಡೆಯಾದ ಮೇಲೂ ಈ ಕಡೆಯೇ ಉಳಿದವನು. ಪೇಟೆಯವರಿಗೆ ಪೀಟ್ರಣ್ಣ. ಒಂದೇ ಬೋಗುಣಿಯಿಂದ ಇಬ್ಬರಿಗೂ ಬಡಿಸಿದ: ದಪ್ಪ ಶಾವಿಗೆಯಂಥ ಪಾಸ್ತಾ, ಮೇಲೆ ಟೊಮೇಟೊ ಗೊಜ್ಜು. ಅತಿಯಾಗಿ ಬೆಂದು ಮುದ್ದೆಯಾಗಿತ್ತು, ಉಪ್ಪಂತೂ ಹೆಚ್ಚಾಗಿ ಬಾಯಿಗಿಡುವಂತಿರಲಿಲ್ಲ.

"ಹೆಂಗುಟ್ಟು, ಅಣ್ಣಾ?" ರುಚಿ ಹೇಗಿದೆ ಎಂದು ನಾನು ಕೇಳಿದೆ.

"ಗೋಡೆಗೆ ನೋಟೀಸು ಹಚ್ಚುವ ಅಂಟಿನ ಹಂಗೆ ಉಟ್ಟು. ಉಪ್ಪು ಇಲ್ಲೆ."

ಪೀಟ್ರಣ್ಣ ಕೆರಳಿದ. "ಉಪ್ಪಿಲ್ಲವಾ? ನಿನ್ನ ತಮ್ಮ ಮೂರು ಲೋಟ ನೀರು ಕುಡಿದ, ಸಾಬ್! ನಾಲಿಗೆ ಮನೇಲಿ ಬಿಟ್ಟು ಬಂದ್ಯಾ?" ಭರಣಿಯಿಂದ ಒಂದು ಚಮಚ ಉಪ್ಪು ತೆಗೆದು ಅಣ್ಣನ ತಟ್ಟೆಗೆ ಸುರಿದು ಕಲಸಿದ.

ಅಣ್ಣ ಅಗಿದ. ತಲೆಯಾಡಿಸಿದ. ಮೆಲ್ಲಗೆ ಇಟಲಿ ಭಾಷೆಯಲ್ಲಿ ಏನೋ ಹೇಳಿದ. ಪೀಟ್ರಣ್ಣ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಒಳಗೆ ಹೋದವನು ಮತ್ತೆ ಹೊರಗೆ ಬರಲಿಲ್ಲ.

"ಎಂಥ ಹೇಳ್ದೆ?"

"ನಾನು ಅಡಗಿದ್ದ ಬೆಟ್ಟದ ಮನೆಯ ಅಜ್ಜಿನೂ ಹಿಂಗೇ ಬೈದಿತ್ತು ಅಂತ. ನಲವತ್ಮೂರರ ನವೆಂಬರು, ಒಂದು ಮಧ್ಯಾಹ್ನ. ಹಿಂದಿನ ದಿನದ ಸಾರಿಗೆ ಉಪ್ಪಿತ್ತು. ಅಲ್ಲಿಂದ ಇಲ್ಲೆ."

ಅವ್ವ ಮೊದಲ ಎಡೆ ಇಟ್ಟದ್ದು ನಲವತ್ಮೂರರ ನವೆಂಬರಿನಲ್ಲೇ, ಮಧ್ಯಾಹ್ನ. ಎಡೆಯ ಸಂಗತಿಯನ್ನು ಅಣ್ಣನಿಗೆ ನಾವಾರೂ ಹೇಳಿರಲಿಲ್ಲ.

ನಾಲಿಗೆಯ ನರದ ದೋಷ ಎಂದು ನನಗೆ ನಾನೇ ಹೇಳಿಕೊಂಡೆ. ತಟ್ಟೆಯಲ್ಲಿ ಉಪ್ಪಿದೆ ಎಂದು ಬರೆದು ತೋರಿಸಿದರೆ ಅವ್ವನ ಭಯವಾದರೂ ಹೋದೀತು. ಎರಡೂ ತಟ್ಟೆಗಳಿಂದ ಒಂದಿಷ್ಟು ಬೇರೆಬೇರೆ ಸೀಸೆಗೆ ತುಂಬಿ ಪ್ರಯೋಗಾಲಯಕ್ಕೆ ಒಯ್ದೆ. ನನ್ನ ತಟ್ಟೆಯದನ್ನು ನೀರಲ್ಲಿ ಕದಡಿ ಸೋಸಿ ಸಿಲ್ವರ್ ನೈಟ್ರೇಟ್ ಹನಿಸಿದೆ. ಉಪ್ಪಿದ್ದರೆ ಆಗಬೇಕಾದಂತೆ ಮೊಸರಿನ ಹಾಗೆ ಬೆಳ್ಳಗಾಯಿತು. ಅಣ್ಣನದು ತಿಳಿಯಾಗಿಯೇ ಉಳಿಯಿತು. ಆ ಚಮಚದ ಉಪ್ಪು ಬಿದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಗಾಜು ತೊಳೆದು, ದ್ರಾವಣ ಹೊಸದಾಗಿ ಮಾಡಿ, ಮೂರು ಸಲ ನೋಡಿದೆ. ಆಮೇಲೆ ಎರಡರ ಉಪ್ಪನ್ನೂ ಅಳೆದು ಒಂದು ಚೀಟಿಯಲ್ಲಿ ಬರೆದುಕೊಂಡೆ.

ಸಂಜೆ ಮನೆಗೆ ಬಂದಾಗ ಅವ್ವ ಊಟಕ್ಕೆ ಎಲೆ ಹಾಸುತ್ತಿದ್ದಳು. ಅಣ್ಣ ಹೊರಗೆ ಕಾಲು ತೊಳೆಯುತ್ತಿದ್ದ.

"ಉಪ್ಪು ಹತ್ತಿತಾ?"

ನಾನು ಚೀಲವನ್ನು ಗೂಟಕ್ಕೆ ತೂಗುಹಾಕಿದೆ. ಅವ್ವ ನನ್ನ ಮುಖವನ್ನೇ ನೋಡಿದಳು. ಆಮೇಲೆ ಬಗ್ಗಿ, ಅಣ್ಣನ ಎಲೆಯ ತುದಿಯನ್ನು ಸತ್ತವರಿಗೆ ಹಾಸುವಂತೆ ಬಲಕ್ಕೆ ತಿರುಗಿಸಿದಳು.

ಜೇಬಿನ ಚೀಟಿಯನ್ನು ನಾನು ಹೊರತೆಗೆಯಲೇ ಇಲ್ಲ. ನೂರು ಗ್ರಾಂ ಆಹಾರದಲ್ಲಿ ಉಪ್ಪು: ನನ್ನ ತಟ್ಟೆಯಲ್ಲಿ 2.3 ಗ್ರಾಂ, ಅಣ್ಣನ ತಟ್ಟೆಯಲ್ಲಿ 0.0 ಗ್ರಾಂ.