ಕಣ್ಣು ಬಿಟ್ಟುಕೊಂಡು ಮಾಡಿದ ಪ್ರಾರ್ಥನೆ

ಟೀವಿಯಲ್ಲಿ ವಾರ್ತೆ ಓದುವವರ ಪಕ್ಕ, ಪರದೆಯ ಮೂಲೆಯ ಪುಟ್ಟ ವೃತ್ತದೊಳಗೆ ನಿಂತು ಕೈಸನ್ನೆಯಲ್ಲಿ ಸುದ್ದಿ ಹೇಳುವುದು ಅವಳ ಕೆಲಸ. ಆ ಭಾಷೆಯನ್ನು ಅವಳು ಯಾವ ಶಾಲೆಗೂ ಹೋಗಿ ಕಲಿತವಳಲ್ಲ. ಅಮ್ಮನಿಗೆ ಹುಟ್ಟಿನಿಂದಲೇ ಕಿವಿ ಕೇಳದು. ಹಾಗಾಗಿ ಮಗು ತೊದಲಿದ್ದೂ ಬೆರಳುಗಳಲ್ಲೇ, ಹಟ ಮಾಡಿದ್ದೂ ಬೆರಳುಗಳಲ್ಲೇ.

ಸನ್ನೆ ಭಾಷೆಯಲ್ಲಿ ಮುಖವೇ ಅರ್ಧ ಮಾತು. ಹುಬ್ಬು ಗಂಟಿಕ್ಕದೆ ದುಃಖ ಎಂದರೆ ಅದು ದುಃಖವಾಗುವುದಿಲ್ಲ, ಕಣ್ಣರಳಿಸದೆ ಭಯ ಎಂದರೆ ಯಾರೂ ಹೆದರುವುದಿಲ್ಲ. ಪ್ರವಾಹ, ಬೆಂಕಿ, ಯುದ್ಧ, ಬೆಲೆ ಏರಿಕೆ ಎಂದು ದಿನಕ್ಕೆ ಮೂರು ಸಲ ಮುಖ ಹಿಂಡಿಕೊಂಡು ಹಿಂಡಿಕೊಂಡು, ಅವಳ ಹುಬ್ಬುಗಳ ನಡುವೆ ಎರಡು ಗೀರುಗಳು ಮನೆ ಮಾಡಿಕೊಂಡಿದ್ದವು. ಬೀದಿಯಲ್ಲಿ ಸಿಕ್ಕರೆ ಅವಳನ್ನು ಟೀವಿಯಲ್ಲಿ ನೋಡಿದವರು ನಮಸ್ಕಾರಕ್ಕೆ ಮೊದಲು ಕೇಳುತ್ತಿದ್ದುದು ಒಂದೇ: "ಏನಾಯ್ತು? ಎಷ್ಟು ಜನ?"

ಡಿಸೆಂಬರ್ ಮೊದಲ ವಾರ ಒಂದು ಸಂಜೆ ಅವಳು ಮನೆಗೆ ಬಂದಾಗ ಟೀವಿಯ ಮೇಲೆ ಹೂವಿನ ಚಿತ್ರದ ಮೇಜುಬಟ್ಟೆ ಇಳಿಬಿದ್ದಿತ್ತು.

"ಕೆಟ್ಟೋಯ್ತಾ?" ಎಂದು ಸನ್ನೆ ಮಾಡಿದಳು.

ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಅಮ್ಮ ಹಲ್ಲಿನಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ತೆಗೆದಿಟ್ಟು, ಎರಡೂ ಕೈ ಬಿಡುವು ಮಾಡಿಕೊಂಡಳು. "ಕೆಟ್ಟಿರೋದು ಟೀವಿ ಅಲ್ಲ. ಹೆತ್ತ ಮಗಳನ್ನ ನೋಡೋಣ ಅಂತ ಕೂತ್ರೆ ಅವಳು ದಿನಾ ಯಾರನ್ನಾದ್ರೂ ಸಾಯಿಸ್ತಾಳೆ. ಹಬ್ಬ ಮುಗಿಯೋವರೆಗೂ ಈ ಮನೇಲಿ ಯಾರೂ ಸಾಯೋ ಹಾಗಿಲ್ಲ."

"ನಾನೇನಮ್ಮಾ ಮಾಡ್ಲಿ? ಅವರು ಓದಿದ್ದನ್ನ ಹೇಳ್ತೀನಿ. ಒಂದು ಮಾತು ಸೇರಿಸೋ ಹಾಗಿಲ್ಲ, ಒಂದು ಮಾತು ಬಿಡೋ ಹಾಗಿಲ್ಲ."

"ಗೊತ್ತು. ಅದಕ್ಕೇ ನಿನ್ನ ಬೈದಿಲ್ಲ. ಟೀವಿಗೆ ಬಟ್ಟೆ ಹಾಕಿದೀನಿ ಅಷ್ಟೆ."

ಅಮ್ಮನ ಕೈ ಮತ್ತೆ ಕೆಲಸಕ್ಕೆ ಹೋಯಿತು. ಚರ್ಚಿನ ಮಕ್ಕಳ ನಾಟಕಕ್ಕೆ ದೇವದೂತರ ರೆಕ್ಕೆ ಹೊಲಿಯುವ ಜವಾಬ್ದಾರಿ ಅವಳದು. ಮನೆ ತುಂಬ ಬಿಳಿ ಬಟ್ಟೆಯ ಚೂರುಗಳು ಕಾಲಿಗೆ ತೊಡರುತ್ತಿದ್ದವು.

ಅದೇ ಭಾನುವಾರ ಪಾಸ್ಟರ್ ಮಗಳನ್ನು ತಡೆದು ನಿಲ್ಲಿಸಿದರು. ಕ್ರಿಸ್‌ಮಸ್ ಮುನ್ನಾದಿನದ ಆರಾಧನೆಯನ್ನು ಕಿವಿ ಕೇಳದವರಿಗೆ ಪೂರ್ತಿಯಾಗಿ ಸನ್ನೆಯಲ್ಲಿ ತಿಳಿಸಬೇಕು ಎಂದರು. "ನೀವು ದಿನಾ ಹೇಳೋದು ವಾರ್ತೆ, ನಾನು ಹೇಳೋದು ಸುವಾರ್ತೆ. ಒಂದೇ ಒಂದು ಅಕ್ಷರ ಜಾಸ್ತಿ. ಅಷ್ಟು ಮಾಡ್ಕೊಡಲ್ವಾ ತಾಯೀ?" ಎಂದು ತಮ್ಮ ಮಾತಿಗೆ ತಾವೇ ನಕ್ಕರು.

ಅವಳು ಒಪ್ಪಿಕೊಂಡಳು. ಭಕ್ತಿಯಿಂದ ಒಪ್ಪಿಕೊಂಡಳು ಎಂದರೆ ಸುಳ್ಳಾದೀತು. ದಿನವಿಡೀ ಲೋಕದ ಗೋಳನ್ನು ಕೈಯಲ್ಲಿ ಹಿಡಿದು ತಿರುಗಿಸುವವಳಿಗೆ ದೇವರ ಬಗ್ಗೆ ಸಿಟ್ಟೂ ಇರಲಿಲ್ಲ, ನಂಬಿಕೆಯೂ ಅಷ್ಟಕ್ಕಷ್ಟೆ. ಅಮ್ಮ ಕೂರುವ ಜಾಗ, ಅಮ್ಮನಂತೆಯೇ ಕಿವಿ ಕೇಳದ ಅವಳ ಗೆಳತಿಯರು, ಇಲ್ಲ ಎನ್ನಲು ಬಾಯಿ ಬರಲಿಲ್ಲ.

ಅಡ್ಡಿ ಬಂದದ್ದು ಅಮ್ಮನಿಂದಲೇ. "ಎಲ್ಲಿ, ದೇವದೂತ ಕುರುಬರಿಗೆ ಹೇಳ್ತಾನಲ್ಲ, 'ಮಹಾ ಸಂತೋಷ' ಅಂತ, ಅದನ್ನ ಹೇಳಿ ತೋರಿಸು."

ಅವಳು ತೋರಿಸಿದಳು.

ಅಮ್ಮ ಅಡ್ಡಡ್ಡ ತಲೆಯಾಡಿಸಿದಳು. "ಭೂಕಂಪ ಆದ ಹಾಗಿದೆ. ಕುರುಬರು ಕುರಿ ಬಿಟ್ಟು ಓಡಿಹೋಗ್ತಾರೆ."

ಅಂದಿನಿಂದ ಅವಳು ಸ್ಟುಡಿಯೋದ ಮೇಕಪ್ ಕೋಣೆಯ ಕನ್ನಡಿ ಮುಂದೆ ಸಂತೋಷವನ್ನು ಅಭ್ಯಾಸ ಮಾಡತೊಡಗಿದಳು. ಮೇಕಪ್ಪಿನ ಹೆಂಗಸು ಪೌಡರ್ ಡಬ್ಬಿ ಕೆಳಗಿಟ್ಟು, "ಹಲ್ಲು ನೋವಾ ಅಕ್ಕಾ?" ಎಂದು ಕೇಳಿದ ಮೇಲೆ ಅದನ್ನೂ ಬಿಟ್ಟಳು.

ಆ ದಿನಗಳಲ್ಲಿ ಊರೆಲ್ಲ ಮಾತಾಡುತ್ತಿದ್ದುದು ಒಂದೇ ಸುದ್ದಿ. ಹದಿನಾಲ್ಕು ಮಂದಿ ಮೀನುಗಾರರಿದ್ದ ದೋಣಿಯೊಂದು ಬಿರುಗಾಳಿಗೆ ಸಿಕ್ಕಿ ಕಾಣೆಯಾಗಿತ್ತು. ಹೆಲಿಕಾಪ್ಟರ್ ಹಾರಿತು, ಹಡಗುಗಳು ಹುಡುಕಿದವು, ಒಂದು ಹಲಗೆ ತೇಲುತ್ತಾ ಸಿಕ್ಕಿತು. ಟೀವಿಗೆ ಬಟ್ಟೆ ಹಾಕಿದ್ದರೂ ಗೆಳತಿಯರ ಮೂಲಕ ಈ ಸುದ್ದಿ ಅಮ್ಮನನ್ನು ಮುಟ್ಟಿತ್ತು. ಆ ಮೀನುಗಾರರಲ್ಲಿ ಒಬ್ಬರ ಗುರುತೂ ಅವಳಿಗಿರಲಿಲ್ಲ. ಆದರೂ ರೆಕ್ಕೆಗೆ ಲೇಸು ಹಚ್ಚುತ್ತಾ ಮಧ್ಯೆ ಮಧ್ಯೆ ಯಂತ್ರ ನಿಲ್ಲಿಸಿ, ಎದೆಯ ಹತ್ತಿರ ಕೈ ಆಡಿಸಿ ಅವರಿಗಾಗಿ ದೇವರ ಜೊತೆ ಮಾತಾಡುತ್ತಿದ್ದಳು.

ಕ್ರಿಸ್‌ಮಸ್ ಮುನ್ನಾದಿನ ಮಧ್ಯಾಹ್ನ ಊಟಕ್ಕೆ ಬಂದ ಮಗಳನ್ನು ಅವಳು ಕೇಳಿದಳು: "ಸಮುದ್ರದವರು?"

ಮಗಳಿಗೆ ಸುಳ್ಳು ಹೇಳಲಾಗಲಿಲ್ಲ. ಬೆಳಗಿನ ವಾರ್ತೆಯಲ್ಲಿ ಅವಳೇ ಹೇಳಿದ್ದಳು. "ಹುಡುಕೋದು ನಿಲ್ಲಿಸಿಬಿಟ್ರಮ್ಮಾ."

ಅಮ್ಮ ಸಾರಿನ ಸೌಟನ್ನು ಪಾತ್ರೆಯೊಳಗೆ ಬಿಟ್ಟು ಕೈ ಒರೆಸಿಕೊಂಡಳು. "ನಿಲ್ಲಿಸಿದ್ದು ಅವರು ತಾನೆ? ನಾನು ನಿಲ್ಲಿಸಿಲ್ಲ."

ಮಗಳಿಗೆ ಅಯ್ಯೋ ಅನಿಸಿತು. ಎಂಥ ಮೊಂಡುತನ! ತಟ್ಟೆ ತೊಳೆದಿಟ್ಟು ಸಂಜೆಯ ವಾರ್ತೆಗೆ ಹೊರಟಳು. ವಾರ್ತೆ ಮುಗಿಸಿ ನೇರವಾಗಿ ಚರ್ಚಿಗೆ ಓಡಬೇಕಿತ್ತು.

ಸಂಜೆಯ ವಾರ್ತೆ ಎಂದಿನಂತೆಯೇ ನಡೆಯಿತು. ಒಂದು ಕಡೆ ಮುಷ್ಕರ, ಇನ್ನೊಂದು ಕಡೆ ಗೋದಾಮಿಗೆ ಬೆಂಕಿ. ಕೊನೆಯಲ್ಲಿ ಹವಾಮಾನ ಒಂದು ಉಳಿದಿತ್ತು. ಆಗ ಯಾರೋ ಕ್ಯಾಮೆರಾದ ಕೆಳಗೆ ಬಗ್ಗಿಕೊಂಡು ಬಂದು ವಾರ್ತೆ ಓದುವವರ ಮುಂದೆ ಒಂದು ಚೀಟಿ ಇಟ್ಟರು.

"ಈಗಷ್ಟೇ ಬಂದ ಸುದ್ದಿ," ಎಂದರು ಅವರು. "ಕಾಣೆಯಾಗಿದ್ದ ಮೀನುಗಾರರ ದೋಣಿ…"

ಅಭ್ಯಾಸಬಲದಿಂದ ಅವಳ ಕೈ 'ಸಾವು' ಎನ್ನುವ ಕಡೆಗೇ ಎದ್ದಿತ್ತು.

"…ಜನವಸತಿ ಇಲ್ಲದ ದ್ವೀಪವೊಂದರ ಬಂಡೆಗಳ ನಡುವೆ ಪತ್ತೆಯಾಗಿದೆ. ಹದಿನಾಲ್ಕೂ ಮಂದಿ ಜೀವಂತವಾಗಿದ್ದಾರೆ."

ಕೈ ಅರ್ಧ ದಾರಿಯಲ್ಲೇ ನಿಂತಿತು. ಆಮೇಲೆ ಏನು ಮಾಡಿದಳೆಂದು ಅವಳಿಗೇ ಸರಿಯಾಗಿ ನೆನಪಿಲ್ಲ. ಕೋಲಿಗೆ ಕಟ್ಟಿದ ಅಂಗಿಯನ್ನು ಸರಕು ಹಡಗಿನವರು ಕಂಡದ್ದು, ಟಾರ್ಪಾಲಿನಲ್ಲಿ ಮಳೆನೀರು ಹಿಡಿದು ಇವರು ಬದುಕಿದ್ದು, ಅಡುಗೆಯವನ ಕೈ ಮುರಿದದ್ದು, ರಕ್ಷಿಸಲು ಬಂದವರನ್ನು ದೋಣಿಯ ಮುಖ್ಯಸ್ಥ "ಇವತ್ತು ಯಾವ ವಾರ?" ಎಂದು ಕೇಳಿದ್ದು, ಎಲ್ಲವನ್ನೂ ಹೇಳಿದ್ದಳು. ವೃತ್ತದೊಳಗಿರಬೇಕಾದ ಕೈಗಳು ಎರಡು ಸಲ ಹೊರಗೆ ಹೋದವಂತೆ. ಕ್ಯಾಮೆರಾ ಹಿಡಿದವನು ಬೈಯುವುದನ್ನು ಬಿಟ್ಟು ಕಣ್ಣೊರೆಸಿಕೊಳ್ಳುತ್ತಿದ್ದ.

ಅಮ್ಮನ ಫೋನಿಗೆ ಸಂದೇಶ ಕಳಿಸಿದಳು. ನೋಡಿದ ಗುರುತೇ ಇಲ್ಲ. ಅಮ್ಮ ಆಗಲೇ ಚರ್ಚಿನಲ್ಲಿ ಪುಟಾಣಿಗಳ ಬೆನ್ನಿಗೆ ರೆಕ್ಕೆ ಕಟ್ಟುತ್ತಿರುತ್ತಾಳೆ. ವಾರ್ತೆಗೆಂದು ತೊಡುವ ಕಪ್ಪು ಅಂಗಿಯನ್ನು ಬದಲಾಯಿಸಲೂ ನಿಲ್ಲದೆ ಅವಳು ಓಡಿದಳು.

ಚರ್ಚಿನ ಪಕ್ಕದ ಬಾಗಿಲಿನಿಂದ ಒಳಗೆ ಕಾಲಿಟ್ಟಾಗ ಪ್ರಾರ್ಥನೆ ಶುರುವಾಗಿಬಿಟ್ಟಿತ್ತು. ಪಾಸ್ಟರ್ ಕಣ್ಣು ಮುಚ್ಚಿದ್ದರು. ಸಭೆಯೂ ತಲೆ ಬಾಗಿಸಿ ಕಣ್ಣು ಮುಚ್ಚಿತ್ತು. ಕಣ್ಣು ಬಿಟ್ಟುಕೊಂಡಿದ್ದದ್ದು ಮುಂದಿನ ಬಲಗಡೆಯ ಎರಡು ಬೆಂಚುಗಳು ಮಾತ್ರ. ಅಮ್ಮ, ಅಮ್ಮನ ಗೆಳತಿಯರು, ಅಚ್ಚುಕೂಟದಿಂದ ನಿವೃತ್ತನಾದ ದಪ್ಪ ಮೀಸೆಯ ಅಣ್ಣ, ಒಟ್ಟು ಹತ್ತು ಹನ್ನೆರಡು ಮಂದಿ. ಕಣ್ಣು ಮುಚ್ಚಿದರೆ ಅವರಿಗೆ ಪ್ರಾರ್ಥನೆ ಕೇಳುವುದು ಹೇಗೆ? ಅವಳ ಕಪ್ಪು ಅಂಗಿ, ಕೆದರಿದ ಕೂದಲು, ಏದುಸಿರು ಕಂಡದ್ದೇ ಅಷ್ಟೂ ಮಂದಿ ಬೆನ್ನು ನೆಟ್ಟಗೆ ಮಾಡಿ ಕೂತರು. ಏನಾಯ್ತು? ಎಷ್ಟು ಜನ?

ಅವಳು ತನ್ನ ಜಾಗದಲ್ಲಿ ನಿಂತಳು. ಪಾಸ್ಟರ್ ಭಾರವಾದ ದನಿಯಲ್ಲಿ ಪ್ರಾರ್ಥಿಸುತ್ತಿದ್ದರು: "ಕರ್ತನೇ, ಕಡಲಿನಲ್ಲಿ ನಾವು ಕಳೆದುಕೊಂಡ ಆ ಸಹೋದರರ ಮನೆಯವರಿಗೆ ಸಮಾಧಾನ ಕೊಡು…"

ಹೇಳಿದ್ದನ್ನು ಹೇಳಿದ ಹಾಗೆ ತಿಳಿಸಬೇಕು. ಇಷ್ಟು ವರ್ಷ ಅವಳು ತಪ್ಪದ ನಿಯಮ ಅದು. ಕೈ ಎತ್ತಿದಳು. 'ಕಡಲು' ಎಂದಳು. 'ಸಹೋದರರು' ಎಂದಳು. ಅಮ್ಮನ ಮುಖ ನೋಡಿದಳು. 'ಕಳೆದುಕೊಂಡ' ಎನ್ನಬೇಕಾದ ಕೈ ತನ್ನಷ್ಟಕ್ಕೆ 'ಸಿಕ್ಕಿದರು' ಎಂದಿತು. 'ಸಿಕ್ಕಿದರು. ಹದಿನಾಲ್ಕು. ಎಲ್ಲರೂ. ಬದುಕಿದ್ದಾರೆ.'

ನಿಯಮ ಮುರಿದದ್ದು ಮುರಿದಾಗಿತ್ತು, ಅವಳು ನಿಲ್ಲಿಸಲಿಲ್ಲ. ಅಂಗಿ, ಕೋಲು, ಹಡಗು, ಮಳೆನೀರು ಎಲ್ಲವೂ ಬಂದವು. ಪಾಸ್ಟರ್ ದುಃಖದಿಂದ ಪ್ರಾರ್ಥಿಸುತ್ತಲೇ ಇದ್ದರು, ಸಭೆ ದುಃಖದಿಂದ ತಲೆ ತಗ್ಗಿಸಿಯೇ ಇತ್ತು. ಇತ್ತ ಎರಡು ಬೆಂಚುಗಳಲ್ಲಿ ಕೈಗಳು ಮೇಲೆದ್ದು ಗಾಳಿಯಲ್ಲಿ ಅಲ್ಲಾಡತೊಡಗಿದವು. ಅದೇ ಅವರ ಚಪ್ಪಾಳೆ. ಮೀಸೆಯ ಅಣ್ಣ ತಡೆಯಲಾರದೆ ಬೆಂಚಿಗೆ ಅಂಗೈಯಿಂದ ಬಡಿದು, ಚಾವಣಿಗೆ ಕೇಳುವಂತೆ ಗಹಗಹಿಸಿ ನಕ್ಕ.

ಪಾಸ್ಟರ್ ಕಣ್ಣು ಬಿಟ್ಟರು. ಸಭೆಯೂ ಕಣ್ಣು ಬಿಟ್ಟಿತು.

"ಏನಿದು?" ಎಂದರು ಅವರು ಗಾಬರಿಯಿಂದ.

ಅವಳು ಬಾಯಿ ತೆರೆಯುವ ಮೊದಲೇ ಅಮ್ಮ ಎದ್ದು ನಿಂತಳು. ಸಭೆಯ ಕಡೆ ತಿರುಗಿ ಕೈ ಆಡಿಸತೊಡಗಿದಳು. ಮಗಳು ಪಕ್ಕಕ್ಕೆ ಬಂದು ಆ ಕೈಗಳನ್ನು ನೋಡುತ್ತಾ ದನಿ ಕೊಟ್ಟಳು. ಹುಟ್ಟಿದಾಗಿನಿಂದ ಊರಿನ ಸುದ್ದಿಯೆಲ್ಲ ಕೊನೆಗೆ ತಲುಪುತ್ತಿದ್ದ ಹೆಂಗಸು, ಕಿವಿ ಕೇಳುವ ಮುನ್ನೂರು ಮಂದಿಗೆ ಅಂದು ಮೊದಲು ಸುದ್ದಿ ಕೊಟ್ಟಳು. ಅಷ್ಟು ಚೆಂದವಾಗಿ ಆ ಕಥೆಯನ್ನು ಟೀವಿಯವರೂ ಹೇಳಿರಲಿಲ್ಲ. ಅಲೆಗಳು ಮನೆಯಷ್ಟು ಎತ್ತರವಾದವು. ಅಡುಗೆಯವ ಮುರಿದ ಕೈಯಲ್ಲೇ ಮೀನು ಸುಟ್ಟು ಎಲ್ಲರಿಗೂ ಬಡಿಸಿದ.

"ಅಮ್ಮಾ, ಅದು ವಾರ್ತೇಲಿ ಇರ್ಲಿಲ್ಲ," ಎಂದು ಮಗಳು ಸನ್ನೆಯಲ್ಲಿ ಗೊಣಗಿದಳು.

"ನೀನೀಗ ಬಾಯಿ. ಬಾಯಿ ಕೆಲಸ ಮಾಡು," ಎಂದಳು ಅಮ್ಮ. ಇದನ್ನೂ ಮಗಳು ನಿಯಮದ ಪ್ರಕಾರ ಜೋರಾಗಿ ಹೇಳಿಬಿಟ್ಟಳು. ಚರ್ಚು ಬಿದ್ದು ಬಿದ್ದು ನಕ್ಕಿತು.

ಪಾಸ್ಟರ್ ಕನ್ನಡಕ ತೆಗೆದು ಒರೆಸಿಕೊಂಡರು. "ನನ್ನ ಪ್ರಾರ್ಥನೆ ಅರ್ಧಕ್ಕೇ ನಿಂತಿದೆ," ಎಂದರು. "ಮುಂದಕ್ಕೆ ಏನು ಹೇಳ್ಬೇಕೋ ತೋಚ್ತಿಲ್ಲ. ಹಾಡೇ ಹಾಡಿಬಿಡೋಣ."

ಹಾಡಿದರು. ನಾಟಕವೂ ನಡೆಯಿತು. ದೇವದೂತರಲ್ಲಿ ಒಬ್ಬಳು ರೆಕ್ಕೆ ಜಾರಿ ಅತ್ತಳು, ಕುರುಬರು ಸಮಾಧಾನ ಮಾಡಿದರು. "ಇಗೋ, ಮಹಾ ಸಂತೋಷದ ಸುದ್ದಿ" ಎಂಬ ಮಾತು ಬಂದಾಗ ಅವಳು ಕೈ ಎತ್ತಿದಳು. ಮುಖಕ್ಕೆ ಏನು ಮಾಡಬೇಕೆಂದು ಯೋಚಿಸಲೇ ಇಲ್ಲ. ಮುಂದಿನ ಬೆಂಚಿನಲ್ಲಿ ಅಮ್ಮ ಒಂದೇ ಒಂದು ಸಲ ತಲೆಯಾಡಿಸಿದಳು. ಬಟ್ಟೆ ಅಳತೆಗೆ ಸರಿಯಾಗಿ ಕೂತಾಗ ಹಾಗೆ ತಲೆಯಾಡಿಸುವುದು ಅವಳ ವಾಡಿಕೆ.

ಮನೆಗೆ ಹೊರಟಾಗ ಅಮ್ಮನ ಎರಡೂ ಕೈಯಲ್ಲಿ ರೆಕ್ಕೆ ತುಂಬಿದ ಬುಟ್ಟಿ. ಕೈ ತುಂಬಿದ್ದರೆ ಅವಳಿಗೆ ಬಾಯಿ ಕಟ್ಟಿದಂತೆ. ಎರಡು ಬೀದಿ ತಡೆದುಕೊಂಡಳು. ಮೂರನೆಯ ಬೀದಿಯ ದೀಪದ ಕೆಳಗೆ ಬುಟ್ಟಿಯನ್ನು ನೆಲಕ್ಕಿಟ್ಟೇ ಬಿಟ್ಟಳು.

"ನಾಳೆ ಬೆಳಗ್ಗೆ ನಿಂಗೆ ಕೆಲಸ ಇದೆ ಅಲ್ವಾ?"

"ಇದೆ. ನಾಳೆ ಏನೇನಿರುತ್ತೋ. ಎಲ್ಲಾ ಇಂಥದ್ದೇ ಇರಲ್ಲಮ್ಮಾ."

"ನಂಗೊತ್ತಿಲ್ವಾ? ಯಾರೋ ಸತ್ತಿರ್ತಾರೆ, ಎಲ್ಲೋ ಹೊತ್ತಿ ಉರೀತಿರುತ್ತೆ. ಹೇಳು, ಟೀವಿ ಬಟ್ಟೆ ತೆಗೆದು ನೋಡ್ತೀನಿ. ಯಾರಿಗೋಸ್ಕರ ಬೇಡ್ಕೋಬೇಕು ಅಂತ ನಂಗೂ ಗೊತ್ತಾಗ್ಬೇಕಲ್ಲ."

ಮಗಳು ಕೇಳಿದಳು: "ಅವರು ಬದುಕ್ತಾರೆ ಅಂತ ನಿಂಗೆ ನಿಜವಾಗ್ಲೂ ಗೊತ್ತಿತ್ತಾ?"

"ಇಲ್ಲ ಕಣೇ. ಗೊತ್ತಿದ್ರೆ ಯಾಕೆ ಬೇಡ್ತಿದ್ದೆ?"

ಮಗಳಿಗೆ ನಗು ಬಂತು. ಅಮ್ಮನಿಗೂ ಬಂತು. ಇಬ್ಬರೂ ನಾಲ್ಕು ಕೈಗಳಲ್ಲಿ ಒಟ್ಟಿಗೇ ಮಾತಾಡುತ್ತಾ, ಪಾಸ್ಟರರ ಗಾಬರಿಯ ಮುಖವನ್ನು ಅಣಕಿಸುತ್ತಾ, ಮೀಸೆಯ ಅಣ್ಣನ ನಗುವನ್ನು ನೆನೆಯುತ್ತಾ ನಡೆದರು. ಮನೆ ಬಾಗಿಲಿಗೆ ಬಂದು ಬೀಗ ತೆಗೆಯುವಾಗಲೇ ಬುಟ್ಟಿ ದೀಪದ ಕೆಳಗೇ ಉಳಿದದ್ದು ಗೊತ್ತಾದದ್ದು. ಬಂದ ದಾರಿಯಲ್ಲೇ ಮತ್ತೆ ಹೊರಟರು, ಮಾತಂತೂ ಇನ್ನೂ ಮುಗಿದಿರಲಿಲ್ಲ.