ಸೊಟ್ಯಾ ಎಂಬ ಹದಿನಾಲ್ಕರ ಪಾನಾ

ನಾನು ಒಂದು ಪಾನಾ. ಹದಿನಾಲ್ಕರ ಪಾನಾ. ಓದಿದವರು ಸ್ಪ್ಯಾನರ್ ಅಂತಾರೆ, ಅನ್ನಲಿ ಬಿಡಿ. ಈಗ ನಾನಿರುವುದು ದೇವರ ಗೂಡಿನಲ್ಲಿ, ಕಾಳಮ್ಮನ ಫೋಟೋದ ಪಕ್ಕದಲ್ಲಿ. ದಿನಾ ಬೆಳಿಗ್ಗೆ ವಿಭೂತಿ, ಕುಂಕುಮ, ಒಂದು ಹೂವು. ನೋಡಿದವರು ಎಂಥ ಪುಣ್ಯವಂತ ಅಂದುಕೊಳ್ಳುತ್ತಾರೆ. ಪುಣ್ಯವಂತನಂತೆ, ಮಣ್ಣು! ಮೊದಲು ಕಥೆ ಕೇಳಿ.

ಹುಟ್ಟಿದ್ದು ದೂರದ ಪಂಜಾಬಿನ ಒಂದು ಕಾರ್ಖಾನೆಯಲ್ಲಿ. ಕೆಂಪಗೆ ಕಾದ ಉಕ್ಕಿನ ತುಂಡನ್ನು ಅಚ್ಚಿನಲ್ಲಿಟ್ಟು ಒಂದು ಏಟು ಹಾಕಿದರು, ಅಷ್ಟೇ ನನ್ನ ಬಾಲ್ಯ. ನೆಟ್ಟಗಿನ ಮೈ, ಒಂದು ತುದಿಗೆ ಬೋಲ್ಟಿನ ತಲೆ ಹಿಡಿಯುವ ಹದಿನಾಲ್ಕರ ಬಳೆ, ಇನ್ನೊಂದು ತುದಿಗೆ ಹದಿನೈದರದ್ದು. ಹೊಳೆಯುತ್ತಿದ್ದೆ. ಗದಗಿನ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಆರು ತಿಂಗಳು ಮೊಳೆಗೆ ಜೋತು ಬಿದ್ದಿದ್ದೆ. ಅಲ್ಲಿಂದ ನನ್ನನ್ನು ಕೊಂಡವನು ಮೌನೇಶಪ್ಪ, ಮುಳಗುಂದ ನಾಕಾದ ಹತ್ತಿರ ತಗಡಿನ ಶೆಡ್ಡಿನಲ್ಲಿ ಕಾರು ರಿಪೇರಿ ಮಾಡುವವನು. ಕಮ್ಮಾರರ ಮಗ. ಕಬ್ಬಿಣದ ಮಾತು ಅವನಿಗೆ ತಿಳಿಯುತ್ತಿತ್ತು.

ಮೊದಲ ವರ್ಷ ಎಲ್ಲರಂತೆ ದುಡಿದೆ. ಆಮೇಲೆ ಒಂದು ದಿನ ಗೂಳಪ್ಪನ ಗಾಡಿ ಬಂತು. ಗೂಳಪ್ಪ ಅಂದರೆ ಮೌನೇಶಪ್ಪನ ಜೊತೆ ಒಂದೇ ಬೆಂಚಿನಲ್ಲಿ ಕೂತು ಏಳನೆಯ ತರಗತಿ ಫೇಲಾದವನು. ಹತ್ತು ವರ್ಷ ಮಂದಿ ಗಾಡಿ ಓಡಿಸಿದ. ಬಂಪರಿಗೆ ಗೀರು ಬಿತ್ತೆಂದು ಒಬ್ಬ ಮಾಲೀಕ ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೆದುರು ಅವನ ಕಪಾಳಕ್ಕೆ ಹೊಡೆದಿದ್ದ. ಅವತ್ತೇ ಕೀಲಿ ಎಸೆದು ಬಂದು, ಹೊಟ್ಟೆ ಬಟ್ಟೆ ಕಟ್ಟಿ ತನ್ನದೇ ಒಂದು ಹಳೇ ಡೀಸೆಲ್ ಕಾರು ಮಾಡಿಕೊಂಡಿದ್ದ. "ಸತ್ತರೂ ಇನ್ನ ಮಂದಿ ಗಾಡಿ ಹೊಡಿಯಂಗಿಲ್ಲಲೇ ಮೌನ್ಯಾ" ಎಂದು ಬಂದಾಗಲೆಲ್ಲ ಹೇಳುತ್ತಿದ್ದ. ಬಾಡಿಗೆಗಿಂತ ಹೆಚ್ಚಾಗಿ ಆ ಗಾಡಿ ಅವನ ಮಾನವಾಗಿತ್ತು.

ಆ ಗಾಡಿಯ ಟೈಮಿಂಗ್ ಬೆಲ್ಟಿಗೆ ಬಿಗಿ ಕೊಡುವ ಪುಲ್ಲಿ ಒಂದಿದೆ. ಅದರ ಬೋಲ್ಟು ಮಾತ್ರ ಯಾವ ಪುಣ್ಯಾತ್ಮ ಅಲ್ಲಿಟ್ಟನೋ! ಎಂಜಿನ್ನಿಗೂ ಪಕ್ಕದ ತಗಡಿಗೂ ನಡುವೆ ಎರಡು ಬೆರಳಿನ ಸಂದು. ಕಣ್ಣಿಗೆ ಕಾಣದು, ನೆಟ್ಟಗಿನ ಪಾನಾ ಹೋಗದು. ಬೇರೆ ಗ್ಯಾರೇಜಿನವರು ಎಂಜಿನ್ ಕೆಳಗೆ ಮರದ ತುಂಡಿಟ್ಟು, ಜಾಕ್ ಕೊಟ್ಟು, ಅದು ಕೂತ ಫೌಂಡೇಶನ್ ಬಿಚ್ಚಿ, ಎಂಜಿನ್ನನ್ನೇ ಒಂದು ಗೇಣು ಇಳಿಸುತ್ತಿದ್ದರು. ಮೌನೇಶಪ್ಪ ಒಂದು ಬೀಡಿ ಸೇದಿದ, ಸಂದನ್ನು ನೋಡಿದ, ನನ್ನನ್ನು ನೋಡಿದ. ನನಗೆ ಆಗಲೇ ಗೊತ್ತಾಯಿತು, ನನ್ನ ಗ್ರಹಚಾರ ಕೆಟ್ಟಿತು ಅಂತ.

ಹದಿನೈದರ ಬಳೆಯನ್ನು ಕತ್ತರಿಸಿ ಒಗೆದ. ಉಳಿದ ನನ್ನನ್ನು ಗ್ಯಾಸಿನ ಉರಿಯಲ್ಲಿ ಕಾಯಿಸಿ ಎರಡು ಕಡೆ ಬಗ್ಗಿಸಿದ. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ. ನನ್ನದು ಸುಟ್ಟ ಮೇಲೆಯೇ ಬದಲಾಯಿತು. "ನೋಡಲೇ, ಎಷ್ಟ್ ಸೊಟ್ಟ ಆಗ್ಯಾನ" ಎಂದು ಗೂಳಪ್ಪ ನಕ್ಕ. ಅಂದಿನಿಂದ ನನ್ನ ಹೆಸರು ಸೊಟ್ಯಾ.

ಸಿಟ್ಟು ಬಂದಿತ್ತು. ಆದರೆ ಸಂದಿನೊಳಗೆ ಇಳಿದು ಆ ಬೋಲ್ಟಿನ ತಲೆಯ ಮೇಲೆ ಕೂತಾಗ ಸಿಟ್ಟೆಲ್ಲ ಇಳಿಯಿತು. ನನಗೊಬ್ಬನಿಗೇ ಎಟಕುವ ಜಾಗ ಅದು! ಮೌನೇಶಪ್ಪನಿಗೆ ಒಂದು ಶಿಸ್ತಿತ್ತು. ನನ್ನ ಬಳೆಯೊಳಗೆ ಚೂರು ಗ್ರೀಸ್ ಹಚ್ಚಿ, ಬೋಲ್ಟು ಕೆಳಗೆ ಬೀಳದಂತೆ ಅಂಟಿಸಿಕೊಂಡು ಒಯ್ಯುತ್ತಿದ್ದ. ಮೊದಲ ಎರಡು ಸುತ್ತು ಬೆರಳಿನದು, ಆಮೇಲೆ ಪಾನಾದ್ದು. ಬೆಲ್ಟು ಕೂತ ಮೇಲೆ ಎಂಜಿನ್ನನ್ನು ಕೈಯಿಂದ ಎರಡು ಸಲ ತಿರುಗಿಸಿ ನೋಡಿ, ಕೊನೆಗೆ ಕಾಲು ಸುತ್ತು ಬಿಗಿ. ಆ ಕಾಲು ಸುತ್ತಿನಲ್ಲೇ ಎಲ್ಲ ಇದೆ. ಅದು ಸಡಿಲಾದರೆ ಬೆಲ್ಟು ಜಾರುತ್ತದೆ, ಒಳಗೆ ವಾಲ್ವಿಗೆ ಪಿಸ್ಟನ್ ಬಡಿದು ಎಂಜಿನ್ನೇ ಮುಗಿಯುತ್ತದೆ. ಎಂಟು ವರ್ಷ, ಎಷ್ಟೋ ಗಾಡಿ, ಒಂದೂ ತಪ್ಪಲಿಲ್ಲ.

ಆ ವರ್ಷ ದಸರೆಯ ಅಷ್ಟಮಿಯ ದಿನ ಗೂಳಪ್ಪನ ಗಾಡಿಗೆ ಹೊಸ ಬೆಲ್ಟು, ಹೊಸ ಪುಲ್ಲಿ ಹಾಕುತ್ತಿದ್ದೆವು. ಎಲ್ಲ ಕೂಡಿಸಿದ್ದಾಯಿತು. ಕಾಲು ಸುತ್ತು ಉಳಿದಿತ್ತು. ಅಷ್ಟರಲ್ಲಿ ಮೌನೇಶಪ್ಪನ ಹೆಂಡತಿ ಶಂಕ್ರವ್ವ ಸೀಮೆಎಣ್ಣೆ ತುಂಬಿದ ತಗಡಿನ ಬುಟ್ಟಿ ಹಿಡಿದು ಬಂದಳು. "ನಾಳೆ ಖಂಡೆ ಪೂಜಿ, ಪಾನಾ ತೊಳಿಯೂದು ಯಾವಾಗ್ರಿ?" ಗೂಳಪ್ಪ ಎರಡು ದಿನ ಗಾಡಿ ಬೇಡ ಅಂದಿದ್ದ. ನಾಡಿದ್ದು ಬಿಗಿ ಮಾಡಿದರಾಯಿತು ಎಂದು ಮೌನೇಶಪ್ಪ ನನ್ನನ್ನೂ ಬುಟ್ಟಿಗೆ ಹಾಕಿದ.

ಮರುದಿನ ಬೆಳಿಗ್ಗೆ ಆಯುಧಪೂಜೆಗೆ ಹಲಗೆಯ ಮೇಲೆ ನಮ್ಮನ್ನೆಲ್ಲ ಸಾಲಾಗಿ ಮಲಗಿಸಿ, ದಾರ ಸುತ್ತಿ, ಕುಂಕುಮ ಹಚ್ಚಿ, ದೀಪ ಇಟ್ಟರು. ದಶಮಿಯ ದಿನ ಬನ್ನಿ ಹಂಚುವವರೆಗೆ ಯಾರೂ ಮುಟ್ಟಬಾರದು. ಮೌನೇಶಪ್ಪನಿಗೆ ಅದು ಬರೀ ಶಾಸ್ತ್ರವಲ್ಲ. ಅವನಪ್ಪ ಒಂದು ವರ್ಷ ಪೂಜೆಗಿಟ್ಟ ಸುತ್ತಿಗೆ ಎತ್ತಿ ನೇಗಿಲಿನ ಕುಳ ಬಡಿದಿದ್ದ, ಕಿಡಿ ಸಿಡಿದು ಕಣ್ಣು ಹೋಗಿತ್ತು.

ಆರತಿ ಮುಗಿಯುವಷ್ಟರಲ್ಲಿ ಗೂಳಪ್ಪ ಓಡುತ್ತ ಬಂದ. "ಬಾಗಲಕೋಟಿಗೆ ಬಾಡಿಗಿ ಬಂದೈತೋ. ಖಾಯಂ ಗಿರಾಕಿ, ಇಲ್ಲ ಅನ್ನಾಕ ಬರಂಗಿಲ್ಲ. ಗಾಡಿ ಮುಗದೈತಿಲ್ಲ?"

"ತಡಿ ಒಂದ್ ನಿಮಿಷ."

ಮೌನೇಶಪ್ಪ ಹಲಗೆಯ ಮುಂದೆ ಬಂದು ಕುಕ್ಕರಗಾಲಲ್ಲಿ ಕೂತ. ಅವನ ಕೈ ನನ್ನ ಕಡೆ ಬಂತು. ಎತ್ತೋ, ಎತ್ತೋ ಮಾರಾಯಾ! ಬಾಯಿದ್ದರೆ ಕೂಗುತ್ತಿದ್ದೆ. ಬೆರಳು ದಾರಕ್ಕೆ ತಾಗಿತು.

"ಏನ್ರೀ ಅದು? ಮಾವನ ಕಣ್ಣು ನೆನಪಿಲ್ಲೇನ?" ಎಂದಳು ಶಂಕ್ರವ್ವ.

ಕೈ ಹಿಂದೆ ಹೋಯಿತು. ಎದ್ದು ಹೋಗಿ ಬಾನೆಟ್ ಎತ್ತಿದ, ಸಂದಿನಲ್ಲಿ ಎರಡು ಬೆರಳು ತೂರಿಸಿ, ಹಲ್ಲು ಕಚ್ಚಿ, ಬೋಲ್ಟನ್ನು ಬರಿಗೈಲಿ ಎಷ್ಟಾಗುತ್ತೋ ಅಷ್ಟು ತಿರುಗಿಸಿದ. ಬೆಲ್ಟಿನ ಮೇಲಿನ ಕ್ಲಿಪ್ಪಿನ ಮುಚ್ಚಳ ಒತ್ತಿದ. ಉಳಿದದ್ದನ್ನು ಹೇಳುತ್ತಾನೆ ಅಂದುಕೊಂಡೆ. ಅವನು ಹೇಳಿದ್ದು ಇಷ್ಟೇ, "ಮುಗದೈತಿ. ಸಾವಕಾಶ ಹೋಗು."

ಕುಂಕುಮ ಹಚ್ಚಿಕೊಂಡು, ಊದಿನಕಡ್ಡಿಯ ಹೊಗೆಯಲ್ಲಿ ಮಲಗಿ, ಆ ಗಾಡಿ ನಾಕಾ ದಾಟುವ ಸದ್ದು ಕೇಳಿದೆ. ನನಗೆ ಕೈ ಮುಗಿದ ದಿನವೇ ನಾನು ಯಾರ ಕೆಲಸಕ್ಕೂ ಬಾರದೆ ಹೋದೆ.

ಮರುದಿನ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಗಾಡಿಯನ್ನು ಎಳೆದು ತಂದರು. ರೋಣ ದಾಟಿದ ಮೇಲೆ ಒಂದು ಸದ್ದು ಬಂದು ನಿಂತಿತ್ತಂತೆ. ದೇವರ ದಯೆ, ಯಾರಿಗೂ ಏಟಾಗಿರಲಿಲ್ಲ. ಗೂಳಪ್ಪನ ಮುಖ ಬಿಳಿಚಿಕೊಂಡಿತ್ತು. ಟ್ರ್ಯಾಕ್ಟರಿನವನನ್ನು ಕಳಿಸಿಬರಲು ಅವನು ರಸ್ತೆಗೆ ಹೋದ.

ಮೌನೇಶಪ್ಪ ದಾರ ಹರಿದು ನನ್ನನ್ನು ಎತ್ತಿಕೊಂಡ. ಸಂದಿನಲ್ಲಿ ಇಳಿಸಿದ. ಬೋಲ್ಟು ಅಲುಗಾಡುವ ಹಲ್ಲಿನಂತೆ ಆಡುತ್ತಿತ್ತು. ಒಮ್ಮೆ ರಸ್ತೆಯ ಕಡೆ ನೋಡಿದ. ಆಮೇಲೆ ಗಡಗಡ ತಿರುಗಿಸಿ, ಕೊನೆಗೆ ಕಾಲು ಸುತ್ತು ಗಟ್ಟಿ ಬಿಗಿ ಮಾಡಿದ. ಛೀ! ಒಂದು ದಿನ ಮೊದಲು ಮಾಡಬೇಕಾಗಿದ್ದ ಕೆಲಸವನ್ನು ನಾನು ಸುಳ್ಳಿಗಾಗಿ ಮಾಡಿದೆ.

ಗೂಳಪ್ಪ ಬಂದ. "ಏನಾಗೈತೋ?"

"ಪುಲ್ಲಿ ಖೊಟ್ಟಿ ಇತ್ತಪಾ. ಮಾಲಿನ ದೋಷ. ಬೋಲ್ಟ್ ನೋಡು ಬೇಕಾರ, ಕಲ್ಲಿನಂಗ ಐತಿ."

ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಗೂಳಪ್ಪ ಬೋಲ್ಟನ್ನು ಮುಟ್ಟಲೂ ಇಲ್ಲ. "ನಿನ್ನ ಕೈಯಾಗ ತಪ್ಪಾಗಂಗಿಲ್ಲ ಬಿಡು, ನನ್ನ ಹಣೆಬರಹ" ಎಂದು ಬಾನೆಟ್ಟಿನ ಮೇಲೆ ತಲೆಯಿಟ್ಟು ಅತ್ತ. ಆಮೇಲೆ ಕಿಸೆಯಿಂದ ಬಾಡಿದ ಬನ್ನಿ ಎಲೆ ತೆಗೆದು ಗೆಳೆಯನ ಕೈಗಿಟ್ಟು, "ಬಂಗಾರದಂಗ ಇರೂಣು" ಅಂದ. ಮೌನೇಶಪ್ಪ ಅದನ್ನು ತೆಗೆದುಕೊಂಡ.

ಇನ್ನೊಂದು ಎಂಜಿನ್ ತರುವ ಶಕ್ತಿ ಗೂಳಪ್ಪನಿಗೆ ಇರಲಿಲ್ಲ. ಗಾಡಿ ಗುಜರಿಗೆ ಹೋಯಿತು. ಅವನು ಮಂದಿ ಗಾಡಿಗೆ ಹೋದ.

ಮೌನೇಶಪ್ಪ ನನ್ನನ್ನು ಮತ್ತೆ ಮುಟ್ಟಲಿಲ್ಲ. ಅಂಥ ಗಾಡಿ ಬಂದರೆ ಎಂಜಿನ್ ಇಳಿಸಿ ಕೆಲಸ ಮಾಡುತ್ತಾನೆ. ನನ್ನನ್ನು ತೊಳೆದು ಈ ಗೂಡಿನಲ್ಲಿ ಇಟ್ಟುಬಿಟ್ಟ. ಕುಂಕುಮದ ಕೆಳಗೆ ಮೈಗೆ ತುಕ್ಕು ಹಿಡಿಯುತ್ತಿದೆ. ಹೂವಿನ ನೀರು ಬಳೆಯೊಳಗೆ ನಿಲ್ಲುತ್ತದೆ. ಒಂದೇ ಒಂದು ಬೋಲ್ಟು ಕೊಡಿ ಅಂತ ಕೇಳಬೇಕೆನಿಸುತ್ತದೆ, ಯಾರನ್ನು ಕೇಳಲಿ?

ಪ್ರತಿ ದಸರೆಗೂ ಗೂಳಪ್ಪ ಬರುತ್ತಾನೆ. ಮೈಮೇಲೆ ಯಾರದೋ ಕಂಪನಿಯ ಬಿಳಿ ಅಂಗಿ. ಮಾಲೀಕನ ಫೋನ್ ಬಂದರೆ ಮಾತು ಅರ್ಧಕ್ಕೇ ಬಿಟ್ಟು ಎದ್ದು ನಿಲ್ಲುತ್ತಾನೆ. ಈ ಸಲವೂ ಬಂದ, ಬನ್ನಿ ಕೊಟ್ಟ, ಗೂಡಿನ ಮುಂದೆ ನಿಂತು ನನಗೆ ಕೈ ಮುಗಿದ.

"ಸೊಟ್ಯಾಂದೇನೂ ತಪ್ಪಿಲ್ಲಲೇ ಮೌನ್ಯಾ" ಅಂದ. "ಇಂವಾ ಬಿಗಿ ಮಾಡಿದ್ದ ಬೋಲ್ಟ್ ಹಂಗ ಇತ್ತು."

ಮೌನೇಶಪ್ಪ ಬಾಯಿ ತೆರೆದ. ಈಗ ಹೇಳುತ್ತಾನೆ ಅಂದುಕೊಂಡೆ, ಪ್ರತಿ ವರ್ಷ ಅಂದುಕೊಳ್ಳುವ ಹಾಗೆ. ಅವನು ಶಂಕ್ರವ್ವನನ್ನು ಕರೆದು, ಗೂಳಪ್ಪನಿಗೆ ಚಹಾ ತಾ ಅಂದ.