ಭೋಂಗಾ ಆಗೂತನಕ

"ಎತ್ತಬ್ಯಾಡ್ರಿ!" ಯಲ್ಲಕ್ಕ ಗಂಡ ಹುಲೆಪ್ಪನ ಸಿದಿಗೆಯ ಬಿದಿರನ್ನು ಗಟ್ಟಿಯಾಗಿ ಹಿಡಿದುಬಿಟ್ಟಳು. "ಕಾರ್ಖಾನ್ಯಾಗ ಭೋಂಗಾ ಆಗೂತನಕ ಯಾರೂ ಎತ್ತಬ್ಯಾಡ್ರಿ."

ಹೆಗಲು ಕೊಡಲು ಬಗ್ಗಿದ್ದ ನಾಲ್ವರೂ ಮತ್ತೆ ನೆಟ್ಟಗಾದರು. ನಾಲ್ಕೇ ಮಂದಿ, ಹೆಗಲು ಬದಲಿಸಲು ಐದನೆಯವನಿಲ್ಲ. ಕಬ್ಬಿನ ಹಂಗಾಮು. ಗಂಡಸರೆಲ್ಲ ಕಡಿಯಲು ಹೋಗಿದ್ದರು, ಇಲ್ಲವೇ ಹೊಸ ಕಾರ್ಖಾನೆಯ ಗೇಟು ತೆಗೆಯುವುದನ್ನೇ ಕಾಯುತ್ತ ಟ್ರ್ಯಾಕ್ಟರುಗಳನ್ನು ಸಾಲು ಹಚ್ಚಿಕೊಂಡು ಕೂತಿದ್ದರು.

"ವೈನಿ, ಹೊತ್ತು ಇಳ್ಯಾಕತ್ತೈತಿ," ಎಂದ ಚನಮಲ್ಲಪ್ಪ. ಹುಲೆಪ್ಪನ ಜೊತೆ ಹಳೆಯ ಕಾರ್ಖಾನೆಯ ಬಾಯ್ಲರಿನಲ್ಲಿ ದುಡಿದವರ ಪೈಕಿ ಉಳಿದವನು ಅವನೊಬ್ಬನೇ. "ಈಗಿನ ಕಾರ್ಖಾನ್ಯಾಗ ನಮ್ಮನ್ನ ಯಾರ ಕೇಳ್ತಾರ?"

"ಪರಮ್ಯಾ ಹೋಗ್ಯಾನ. ಅಲ್ಲೇ ನೌಕರಿಗಿ ಅದಾನ. ಸಾಯೇಬರ ಕೈಕಾಲ ಹಿಡದರ ಊದಸ್ತಾನ."

"ನಿನ್ನ ತಮ್ಮನ ಮಗ ತನ್ನ ಮದವಿಗೇ ತಡಾ ಮಾಡಿ ಬಂದಾಂವ," ಎಂದಳು ನೆರೆಮನೆಯ ಮರೆವ್ವ. "ಹುಲೆಪ್ಪಣ್ಣನೇ ಎದ್ದ ಹೋಗಿ ಊದಿ ಬಂದಾನು, ಆ ಪರಮ್ಯಾ ಬರೂದಿಲ್ಲ."

ಯಾರೋ ಕಿಸಕ್ಕೆಂದರು. ಯಲ್ಲಕ್ಕನಿಗೂ ನಗು ಬಂದಂತಾಗಿ ಸೆರಗು ಬಾಯಿಗೆ ಹೋಯಿತು.

*

ಹಳೆಯ ಕಾರ್ಖಾನೆ ಸಂಸ್ಥಾನದ ಕಾಲದ್ದು. ಗಾಣ, ಬಾಯ್ಲರು, ಭೋಂಗಾ ಅಂತ ಊರವರು ಕರೆಯುತ್ತಿದ್ದ ಆ ಉಗಿಯ ಸೈರನ್, ಎಲ್ಲ ವಿಲಾಯತಿಯಿಂದ ಹಡಗಿನಲ್ಲಿ ಮುಂಬೈ ಬಂದರಿಗೆ, ಅಲ್ಲಿಂದ ರೈಲಿನಲ್ಲಿ ಕುಡಚಿಗೆ, ಕುಡಚಿಯಿಂದ ಎತ್ತಿನ ಬಂಡಿಯಲ್ಲಿ ಬಂದವಂತೆ. ಅಪ್ಪನ ಕುರಿ ಹಿಂಡು ಬಿಟ್ಟು ಬಾಯ್ಲರಿಗೆ ಸೇರಿದ ಹುಲೆಪ್ಪನ ಕೈಗೆ ಬಂದದ್ದು ಭೋಂಗಾ ಊದಿಸುವ ತಂತಿ. ಪಾಳಿ ಬದಲಾದಾಗ ಒಮ್ಮೆ. ಕಾರ್ಖಾನೆಯವರು ಯಾರಾದರೂ ತೀರಿಕೊಂಡರೆ, ಹೆಣ ಎತ್ತುವ ಹೊತ್ತಿಗೆ, ಉದ್ದಕ್ಕೆ ಮೂರು ಸಲ. ಗಾಣ ನಿಲ್ಲುತ್ತಿತ್ತು. ಮಸಿಗೈಯಲ್ಲೇ ಜನ ಓಡಿ ಬರುತ್ತಿದ್ದರು. ಹೆಗಲಿಂದ ಹೆಗಲಿಗೆ ಸಿದಿಗೆ ತೇಲಿಕೊಂಡು ಹೋಗುತ್ತಿತ್ತು.

ಊದಿದವನಿಗೆ ಮಾತ್ರ ಹೋಗಲಾಗುತ್ತಿರಲಿಲ್ಲ. ಬಾಯ್ಲರಿನ ಬೆಂಕಿ ಬಿಟ್ಟು ಅಲ್ಲಾಡುವಂತಿರಲಿಲ್ಲ. ಒಡಹುಟ್ಟಿದ ಅಣ್ಣ ಸತ್ತಾಗಲೂ ಹುಲೆಪ್ಪ ತಂತಿ ಎಳೆದು, ಉಗಿಯ ಒತ್ತಡ ತೋರಿಸುವ ಮುಳ್ಳು ನೋಡುತ್ತ ಕೂತಿದ್ದ. ಅವತ್ತು ಮನೆಗೆ ಬಂದವನು ಗಂಗಾಳದ ಮುಂದೆ ಕೂತು ಕೇಳಿದ್ದ:

"ಯಲ್ಲೀ, ನನಗ ಯಾರ ಊದತಾರ?"

"ಯಾರರ ಊದತಾರ ತಗೋರಿ, ಉಣ್ರಿ."

ಕಾರ್ಖಾನೆ ಮುಚ್ಚಿ, ಭೋಂಗಾ ಗುಜರಿಗೆ ಹೋದ ದಿನವೂ ಅದನ್ನೇ ಕೇಳಿದ.

*

ಊದಿತು.

ಹೊಸ ಕಾರ್ಖಾನೆಯದು ಕರೆಂಟಿನದು, ತುಸು ಕೀರಲು. ಆದರೂ ಮೂರು ಸಲ, ಉದ್ದಕ್ಕೆ. ಯಲ್ಲಕ್ಕ ಬಿದಿರು ಬಿಟ್ಟಳು.

"ಈಗ ಎತ್ರಿ."

ಸಿದಿಗೆ ಹಿಪ್ಪರಗಿ ರಸ್ತೆಗೆ ಬರುವಷ್ಟರಲ್ಲಿ ದೂರದಿಂದ ಗದ್ದಲ ಎದ್ದಿತು. ಆಕೆ ನಿಂತು ಕಿವಿಗೊಟ್ಟಳು. ಮುಖ ಅರಳಿತು. "ಬಂದ್ರು ನೋಡ್ರಿ! ಮಂದಿ ಬರಾಕತ್ತೈತಿ."

ಬಿದಿರಿನ ಕೆಳಗಿಂದ ಚನಮಲ್ಲಪ್ಪನ ದನಿ ಬಂತು. "ಮಂದಿ ಅಲ್ಲ ವೈನಿ, ಟ್ರ್ಯಾಕ್ಟರ್. ಭೋಂಗಾ ಕೇಳಿ ಗೇಟ ತಗದ್ರು ಅಂತ ತಿಳಕೊಂಡಾರ. ಎಲ್ಲಾರೂ ಗಾಡಿ ಚಾಲೂ ಮಾಡ್ಯಾರ."

ಕಬ್ಬು ಹೇರಿದ ಗಾಡಿಗಳು ಒಂದರ ಬಾಲಕ್ಕೊಂದು ಅಂಟಿಕೊಂಡು ಮುಂದೆ ಸರಿದವು. ದಾಟಲು ಇದ್ದ ಸಂದು ಮುಚ್ಚಿಹೋಯಿತು. ಕುಣಿ ತೋಡಿದ್ದ ಹೊಲ ರಸ್ತೆಯ ಆಚೆಗೆ. ಈಚೆಗೆ ನಾಲ್ವರೂ ಭಾರ ಹೊತ್ತೇ ನಿಂತರು.

ಯಲ್ಲಕ್ಕ ನೆಟ್ಟಗೆ ನಡೆದು ಬರುವ ಟ್ರ್ಯಾಕ್ಟರಿಗೆ ಅಡ್ಡ ನಿಂತಳು. ಬ್ರೇಕು ಕಿರುಗುಟ್ಟಿತು.

"ಏ ಮುದುಕಿ, ಸಾಯಾಕ ಬಂದೀಯೇನ?"

"ನಾ ಅಲ್ಲೋ ಯಪ್ಪಾ," ಎಂದು ಆಕೆ ಕೈ ತೋರಿಸಿದಳು. "ಅವರು."

ಡ್ರೈವರ್ ಅತ್ತ ನೋಡಿದ. ಮೊದಲು ಗಾಡಿಯಲ್ಲಿ ಹಚ್ಚಿದ್ದ ಹಾಡು ಬಂದ್ ಮಾಡಿದ, ಆಮೇಲೆ ಇಂಜಿನ್ನು. ಮುಂದಿನ ಗಾಡಿ ದೂರ ಸರಿದು ದಾರಿ ತೆರೆಯಿತು. ಸಿದಿಗೆ ರಸ್ತೆಗೆ ಇಳಿಯಿತು.

ಹಿಂದಿನವನಿಗೆ ಇದೇನೂ ಕಾಣದು. ಸಿಟ್ಟಿನಿಂದ ಹಾರ್ನ್ ಒತ್ತಿದ. ಅವನ ಹಿಂದಿನವನೂ ಒತ್ತಿದ. ಅವನ ಹಿಂದೆ ಇನ್ನೊಬ್ಬ. ಕಣ್ಣಿಗೆ ಕಾಣದಷ್ಟು ದೂರದವರೆಗೆ, ಹೊಳೆಯ ಬ್ಯಾರೇಜಿನ ತಿರುವಿನಾಚೆಗೂ, ಗಾಡಿಗಳೆಲ್ಲ ಒಟ್ಟಿಗೇ ಕೂಗತೊಡಗಿದವು. ಆ ಕೂಗಿನ ನಡುವೆ ನಾಲ್ವರು ಅವಸರ ಮಾಡದೆ ದಾಟುತ್ತಿದ್ದರು. ಸಿದಿಗೆ ಆಚೆಯ ಬದು ಹತ್ತುವವರೆಗೂ ಯಲ್ಲಕ್ಕ ಟ್ರ್ಯಾಕ್ಟರಿನ ಬಿಸಿ ಮೂತಿಯ ಮೇಲೆ ಅಂಗೈ ಒತ್ತಿಕೊಂಡು ನಿಂತೇ ಇದ್ದಳು.